ಹಿಂದಿನ ಸಿಗರೇಟಲ್ಲಿ ಸೊಪ್ಪು ಚೆನ್ನಾಗಿತ್ತು, ಈಗಿನದು ಕಳಪೆ ಅಂತಾರಲ್ಲ, ನಿಜವಾ?

ಪ್ರಶ್ನೆ ಕೇಳಿದವರು: ಬ್ಯಾರನ್‌ಮನೆ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ತವರು ಹುಣಸೂರು ತಾಲ್ಲೂಕಿನ ಒಂದು ಹಳ್ಳಿ. ಈಗ ಇರೋದು ಬೆಂಗಳೂರಲ್ಲಿ. ಮನೆಯಲ್ಲಿ ಹೊಗೆಸೊಪ್ಪು ಬೆಳೀತಿದ್ದರು, ಸೊಪ್ಪನ್ನು ಕಾವಿನಲ್ಲಿ ಒಣಗಿಸೋ ಮನೆ, ಅಂದರೆ ಬ್ಯಾರನ್ ಇತ್ತು. ಓದಿಗೆ ಅಂತ ಬೇಗ ಊರು ಬಿಟ್ಟಿದ್ದರಿಂದ ಆ ಕೆಲಸ ನನಗೆ ಕೇಳಿ ಗೊತ್ತೇ ಹೊರತು ಮಾಡಿ ಗೊತ್ತಿಲ್ಲ.

ಅಪ್ಪನಿಗೆ ಈಗ ಎಪ್ಪತ್ತರ ಹತ್ತಿರ. ಇನ್ನೂ ಸೇದುತ್ತಾರೆ. ಬಿಡಿ ಅಂದರೆ ಅವರದು ಒಂದೇ ಮಾತು: "ಆಗಿನ ಸಿಗರೇಟಲ್ಲಿ ಅಪ್ಪಟ ಸೊಪ್ಪು ಇರ್ತಿತ್ತು, ಯಾರಿಗೂ ಏನೂ ಆಗ್ತಿರಲಿಲ್ಲ. ಈಗಿನವರು ದಿಂಡು, ಧೂಳು, ಕೆಮಿಕಲ್ ಎಲ್ಲ ತುಂಬ್ತಾರೆ, ಕ್ಯಾನ್ಸರ್ ಬರೋದು ಅದಕ್ಕೇ. ನಾನು ಸೇದೋದು ಒಳ್ಳೇ ಬ್ರಾಂಡು." ಸೊಪ್ಪು ಬೆಳೆದ ಮನುಷ್ಯ ಹೀಗೆ ಅಂದಾಗ ಎದುರು ಏನು ಹೇಳಬೇಕೋ ನನಗೆ ತಿಳಿಯಲ್ಲ.

ಸೊಪ್ಪಿನ ಗುಣಮಟ್ಟ ಅಂತ ಯಾವುದನ್ನು ನೋಡಿ ಹೇಳ್ತಾರೆ? ಹಿಂದಿನದಕ್ಕೂ ಈಗಿನದಕ್ಕೂ ನಿಜವಾಗಿ ವ್ಯತ್ಯಾಸ ಇದೆಯಾ? ನಮ್ಮ ಕಡೆಗೆ ಈ ಬೆಳೆ ಬಂದದ್ದಾದರೂ ಹೇಗೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಪಿರಿಯಾಪಟ್ಟಣ_ರೈತ

ಅಕ್ಕ, ನಾವು ಕಾರ್ಡುದಾರರು, ಅಂದರೆ ತಂಬಾಕು ಮಂಡಳಿಯಲ್ಲಿ ಹೆಸರು ನೋಂದಾಯಿಸಿದ ಬೆಳೆಗಾರರು, ಈಗಲೂ ಬೆಳೀತಿದ್ದೀವಿ. ಕಂಪನಿಯವರು ಸಿಗರೇಟಿಗೆ ಏನೇನು ಸೇರಿಸ್ತಾರೆ ಅಂತ ನಮಗೆ ಗೊತ್ತಾಗಲ್ಲ. ಸೊಪ್ಪಿನ ಹದ ಮಾತ್ರ ಗೊತ್ತು. ಎಲ್ಲ ತೀರ್ಮಾನ ಆಗೋದು ಬ್ಯಾರನ್ ಒಳಗಿನ ಐದಾರು ದಿನದಲ್ಲಿ.

ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ಏರಿಸಿದ ಮೇಲೆ ಮೊದಲು ಸಣ್ಣ ಕಾವು, ಬೆವರು ಬರೋ ಹಾಗೆ. ಥರ್ಮಾಮೀಟರ್‌ನಲ್ಲಿ 95ರಿಂದ 100 ಡಿಗ್ರಿ. ನಮ್ಮ ಕಡೆ ಇವತ್ತಿಗೂ ಫ್ಯಾರನ್‌ಹೀಟ್ ಲೆಕ್ಕವೇ. ಎಲೆ ಹಳದಿ ತಿರುಗೋವರೆಗೆ ಅಲ್ಲೇ ನಿಲ್ಲಿಸಬೇಕು. ಆಮೇಲೆ ನಿಧಾನವಾಗಿ 120ಕ್ಕೆ ಏರಿಸಿ ಬಣ್ಣ ಹಿಡಿಸಬೇಕು, 140ರಲ್ಲಿ ಎಲೆ ಒಣಗಿಸಬೇಕು, ಕೊನೆಗೆ 160ರವರೆಗೆ ಹೋಗಿ ಎಲೆ ನಡುವಿನ ದಿಂಡು ಒಣಗಿಸಬೇಕು. ಆತುರಪಟ್ಟು ಕಾವು ಏರಿಸಿದರೆ ಹಸಿರು ಹಾಗೇ ಕೂತುಬಿಡುತ್ತೆ. ತಡ ಮಾಡಿದರೆ ಕಂದು ತಿರುಗಿ ಕೊಳೆಯುತ್ತೆ. ರಾತ್ರಿ ಒಲೆ ಮುಂದೆ ಕೂತವನು ತೂಕಡಿಸಿದರೆ ಒಂದು ಬ್ಯಾರನ್ ಸೊಪ್ಪು ಲೋ ಗ್ರೇಡ್‌ಗೆ ಹೋಗುತ್ತೆ. ನೂರು ಕಿಲೋ ಹಸಿ ಸೊಪ್ಪು ಏರಿಸಿದರೆ ಇಳಿಯೋದು 12ರಿಂದ 15 ಕಿಲೋ ಅಷ್ಟೇ. ನಿಮ್ಮ ಅಪ್ಪನವರಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿರುತ್ತೆ.

ಉಳಿದದ್ದನ್ನು ಹಳೇ_ಗ್ರೇಡರ್ ಸರ್ ಹೇಳಲಿ, ಈ ವಿಷಯದಲ್ಲಿ ಅವರ ಮಾತು ತೂಕದ್ದು.

ಉತ್ತರ: ಹಳೇ_ಗ್ರೇಡರ್

ನೋಡಮ್ಮ, ನಾನು ಸೊಪ್ಪು ಕೊಳ್ಳುವ ಕಂಪನಿಯೊಂದರಲ್ಲಿ ಗ್ರೇಡಿಂಗ್ ಕೆಲಸ ಮಾಡಿ ನಿವೃತ್ತನಾದವನು. ಕಟ್ಟೆಮಳಲವಾಡಿ, ಕಂಪಲಾಪುರ, ರಾಮನಾಥಪುರದ ಹರಾಜು ಮಾರುಕಟ್ಟೆಗಳಲ್ಲಿ ಬೇಲುಗಳ, ಅಂದರೆ ಸೊಪ್ಪಿನ ಮೂಟೆಗಳ ಸಾಲಿನ ನಡುವೆ ಓಡಾಡುತ್ತಲೇ ನನ್ನ ಉದ್ಯೋಗ ಕಳೆಯಿತು. ನಿಮ್ಮ ತಂದೆಯವರು ಹೇಳುವುದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ಅಪಾಯದ್ದು. ಸ್ವಲ್ಪ ಉದ್ದವಾಗುತ್ತದೆ, ಸಮಾಧಾನದಿಂದ ಓದಿ.

ಮೊದಲು ಗುಣಮಟ್ಟದ ವಿಷಯ. ಹರಾಜಿನ ದಿನ ಬೆಳಿಗ್ಗೆ ಬೇಲಿನ ಹೊದಿಕೆ ಸರಿಸಿ, ಮೊಣಕೈವರೆಗೆ ಕೈ ತೂರಿಸಿ, ನಡುವಿನಿಂದ ಒಂದು ಹಿಡಿ ಎಲೆ ಎಳೆಯುತ್ತೇವೆ. ಮೇಲಿನ ಪದರ ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ, ಏಕೆಂದರೆ ಹೊಳೆಯುವ ಎಲೆ ಮೇಲಿಟ್ಟು ಕಪ್ಪು ಎಲೆ ಒಳಗಿಡುವವರು ಎಲ್ಲ ಕಾಲದಲ್ಲೂ ಇದ್ದಾರೆ. ಎಳೆದ ಎಲೆಯನ್ನು ಹಗಲು ಬೆಳಕಿಗೆ ಹಿಡಿಯುತ್ತೇವೆ. ನಿಂಬೆ ಬಣ್ಣವೋ, ಕಿತ್ತಳೆಯೋ, ಕಂದೋ? ಹಸಿರು ಛಾಯೆ ಉಳಿದಿದೆಯೋ? ಆಮೇಲೆ ಎಲೆಯನ್ನು ಮುಷ್ಟಿಯಲ್ಲಿ ಮೆಲ್ಲಗೆ ಅದುಮಿ ಬಿಡುತ್ತೇವೆ. ಒಳ್ಳೆಯ ಎಲೆ ಪುಡಿಯಾಗದೆ, ಅಂಟಿಕೊಳ್ಳದೆ, ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಅದೇ ಎಲೆಯ ನಡುದಿಂಡು ಮುರಿದರೆ ಟಪ್ಪೆಂದು ಸದ್ದಾಗಬೇಕು. ಬಾಗಿದರೆ ಒಳಗೆ ನೀರಿದೆ, ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ ಎಂದೇ ಅರ್ಥ. ಗಿಡದ ಯಾವ ಜಾಗದ ಎಲೆ ಎಂಬುದೂ ಮುಖ್ಯ. ತಳದ ಎಲೆ ತೆಳು, ಮಣ್ಣು ಮೆತ್ತಿರುತ್ತದೆ. ನಡುವಿನದು ಎಲ್ಲಕ್ಕಿಂತ ಬೇಡಿಕೆಯದ್ದು. ತುದಿಯದು ದಪ್ಪ, ನಿಕೋಟಿನ್ ಜಾಸ್ತಿ.

ಇನ್ನೊಂದು ಪರೀಕ್ಷೆಯಿದೆ. ಎಲೆಯ ಅಂಚಿಗೆ ಕಿಡಿ ಮುಟ್ಟಿಸಿ ಉರಿ ಆರಿಸಿ ಕೆಂಡ ನೋಡುವುದು. ಒಳ್ಳೆಯ ಸೊಪ್ಪಿನಲ್ಲಿ ಕೆಂಡ ಅಂಚು ಹಿಡಿದು ತಾನಾಗಿ ಹರಿಯುತ್ತದೆ, ಹಿಂದೆ ತಿಳಿ ಬೂದಿ ಬಿಡುತ್ತದೆ. ಕೆಂಡ ನಿಂತು ಕಪ್ಪು ಅಂಚು ಉಳಿದರೆ ಆ ಹೊಲಕ್ಕೆ ಕ್ಲೋರೈಡ್ ಹೋಗಿದೆ ಅಂತ ಸಂಶಯ ಬರುತ್ತದೆ. ಅದಕ್ಕೇ ಹೊಗೆಸೊಪ್ಪಿಗೆ ಕ್ಲೋರೈಡ್ ಇರುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರ ಹಾಕಬೇಡಿ, ದುಬಾರಿಯಾದರೂ ಸಲ್ಫೇಟ್ ಆಫ್ ಪೊಟ್ಯಾಷ್ ಹಾಕಿ ಅಂತ ತಂಬಾಕು ಮಂಡಳಿಯವರು ಬಡಿದುಕೊಳ್ಳುವುದು.

ಇಷ್ಟರಲ್ಲಿ ಒಂದು ಸಂಗತಿ ಗಮನಿಸಿ. ಬಣ್ಣ, ಹದ, ತೇವ, ಉರಿ, ಸಕ್ಕರೆ, ನಿಕೋಟಿನ್, ಎಲ್ಲವನ್ನೂ ನೋಡಿದೆವು. ಸೇದುವವನ ಶ್ವಾಸಕೋಶ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ನಾವು ಕೊಡುತ್ತಿದ್ದ ದರ್ಜೆ ಕಾರ್ಖಾನೆಗೆ ಮತ್ತು ನಾಲಿಗೆಗೆ ಸಂಬಂಧಪಟ್ಟದ್ದು. ಆರೋಗ್ಯಕ್ಕೆ ಸಂಬಂಧಪಟ್ಟ ದರ್ಜೆ ಇದುವರೆಗೆ ಯಾವ ಬೇಲಿನ ಮೇಲೂ ಬರೆದಿಲ್ಲ.

ಈಗ ನಿಮ್ಮ ತಂದೆಯವರಿಗೆ ಹೇಳಲೇಬೇಕಾದ ಮಾತು. ಬ್ಯಾರನ್‌ನಲ್ಲಿ ಎಲೆ ಹಳದಿ ತಿರುಗುವಾಗ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಸರಿಯಾದ ಹೊತ್ತಿಗೆ ಕಾವು ಏರಿಸಿದರೆ ಆ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಹೀಗೆ ಬ್ಯಾರನ್‌ನಲ್ಲಿ ಹದವಾಗುವ ವರ್ಜೀನಿಯಾ ಸೊಪ್ಪಿನ ಆ ಸಿಹಿ ಘಮ ಅದರದ್ದೇ. ಸಕ್ಕರೆ ಹೆಚ್ಚಿದ್ದರೆ ಹೊಗೆ ಸ್ವಲ್ಪ ಆಮ್ಲೀಯವಾಗುತ್ತದೆ. ಆಮ್ಲೀಯ ಹೊಗೆ ಗಂಟಲನ್ನು ಅಷ್ಟಾಗಿ ಕೆರೆಯುವುದಿಲ್ಲ, ಅದರ ನಿಕೋಟಿನ್ ಬಾಯಿಯಲ್ಲಿ ಹೀರಿಕೆಯಾಗುವುದೂ ಕಡಿಮೆ. ಹಾಗಾಗಿ ಸೇದುವವನು ಅದನ್ನು ಎದೆಯ ಆಳಕ್ಕೆ ಎಳೆದುಕೊಳ್ಳುತ್ತಾನೆ. ಹಳೆಯ ಕಾಲದ ಚುಟ್ಟ, ಪೈಪಿನ ಖಾರ ಸೊಪ್ಪನ್ನು ಹಾಗೆ ಒಳಗೆಳೆದರೆ ಕೆಮ್ಮು ಬಂದು ದೇಹವೇ ತಡೆಯುತ್ತಿತ್ತು. ಬ್ರೈಟ್ ಸೊಪ್ಪು, ಅಂದರೆ ಹೀಗೆ ಹಳದಿ ತಿರುಗಿಸಿದ ಸೊಪ್ಪು, ಆ ತಡೆಯನ್ನು ತೆಗೆದುಹಾಕಿತು. ಅಂದರೆ ಅಪ್ಪಟ, ನಯವಾದ, ಒಂದನೇ ದರ್ಜೆಯ ಸೊಪ್ಪು ಅಂತ ನಾವು ಹೊಗಳುವುದು ಯಾವುದನ್ನೋ, ಹೊಗೆಯನ್ನು ಶ್ವಾಸಕೋಶದ ತಳಕ್ಕೆ ಮುಟ್ಟಿಸಿದ್ದೂ ಅದೇ. ನನ್ನ ಕೈಯಿಂದ ಒಳ್ಳೆಯ ಬೆಲೆ ಪಡೆದ ಎಷ್ಟೋ ಬೇಲುಗಳನ್ನು ನೆನೆದು ಹೇಳುತ್ತಿದ್ದೇನೆ. ಸೊಪ್ಪು ಒಳ್ಳೆಯದಾದಷ್ಟೂ ಅಪಾಯ ಕಡಿಮೆ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ.

ಇತಿಹಾಸದಲ್ಲೂ ಇದು ಕಾಣುತ್ತದೆ. 1839ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾಸ್ವೆಲ್ ಕೌಂಟಿಯಲ್ಲಿ ಸ್ಟೀಫನ್ ಎಂಬ ಗುಲಾಮ ತರುಣ ತನ್ನ ಒಡೆಯ ಸ್ಲೇಡ್ ಎಂಬುವನ ಬ್ಯಾರನ್ ಕಾಯುತ್ತಿದ್ದ. ರಾತ್ರಿ ನಿದ್ದೆ ಹತ್ತಿ ಬೆಂಕಿ ಆರುತ್ತಾ ಬಂದಿತ್ತು. ಎಚ್ಚರಾದವನೇ ಗಾಬರಿಯಲ್ಲಿ ಇದ್ದಿಲು ಸುರಿದ. ಒಮ್ಮೆಲೇ ಏರಿದ ಒಣ ಕಾವಿಗೆ ಸೊಪ್ಪು ಹೊಳೆಯುವ ಹಳದಿಗೆ ತಿರುಗಿತು. ಬ್ರೈಟ್ ಸೊಪ್ಪು ಹುಟ್ಟಿದ ಕಥೆ ಅಂತ ಹೇಳುವುದು ಇದನ್ನೇ. ಆಮೇಲೆ ಹೊಗೆ ಎಲೆಗೆ ತಾಗದಂತೆ ಕಾವನ್ನು ಕಬ್ಬಿಣದ ಕೊಳವೆಗಳಲ್ಲಿ ಹಾಯಿಸುವ ಪದ್ಧತಿ ಬಂತು. ನಮ್ಮ ಬ್ಯಾರನ್‌ಗಳ ಫ್ಲೂ ಪೈಪು ಅದೇ. ಈ ವಿದ್ಯೆಯಿಂದ ಸಾಹುಕಾರರಾದವರು ಯಾರೋ, ಅದನ್ನು ಕಂಡುಕೊಂಡವನು ಗುಲಾಮ. ಈ ಮಾತನ್ನು ಹೊಗೆಸೊಪ್ಪಿನ ವಿಷಯ ಬಂದಾಗಲೆಲ್ಲ ಹೇಳಬೇಕು ಅಂತ ನನಗೆ ಅನಿಸುತ್ತದೆ.

ಆದರೂ ಸಿಗರೇಟು ಆಗ ಕೈಯಲ್ಲಿ ಸುತ್ತುವ ವಸ್ತು. ಚುರುಕಿನ ಕೆಲಸಗಾರರು ನಿಮಿಷಕ್ಕೆ ನಾಲ್ಕೈದು ಸುತ್ತುತ್ತಿದ್ದರು. 1880ರ ಹೊತ್ತಿಗೆ ಜೇಮ್ಸ್ ಬಾನ್‌ಸ್ಯಾಕ್ ಎಂಬ ಯುವಕ ಯಂತ್ರ ತಂದ. ಅದು ನಿಮಿಷಕ್ಕೆ ಸುಮಾರು 200 ಸುತ್ತಿತು. ಜೇಮ್ಸ್ ಬ್ಯುಕ್ಯಾನನ್ ಡ್ಯೂಕ್ ಆ ಯಂತ್ರವನ್ನು ಹಿಡಿದು, ಎದುರಾಳಿಗಳನ್ನೆಲ್ಲ ನುಂಗಿ 1890ರಲ್ಲಿ ಅಮೆರಿಕನ್ ಟೊಬ್ಯಾಕೊ ಕಂಪನಿ ಕಟ್ಟಿದ. 1902ರಲ್ಲಿ ಇಂಗ್ಲೆಂಡಿನ ಇಂಪೀರಿಯಲ್ ಕಂಪನಿಯೊಂದಿಗೆ ಜಗಳ ಮುಗಿಸಿ ಹೊರದೇಶಗಳ ವ್ಯಾಪಾರಕ್ಕೆ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಹುಟ್ಟುಹಾಕಿದರು. ನಮ್ಮ ದೇಶಕ್ಕೆ ಬಂದ ಎಳೆ ಅದೇ. 1910ರಲ್ಲಿ ಕಲ್ಕತ್ತೆಯಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ ಶುರುವಾಯಿತು, ಇವತ್ತಿನ ಐಟಿಸಿ. ಸೊಪ್ಪು ಬೆಳೆಸಲು, ಕೊಳ್ಳಲು ಗುಂಟೂರಿನಲ್ಲಿ ಬೇರೆ ಕಂಪನಿ ಮಾಡಿದರು. ಬೆಂಗಳೂರಿನ ಫ್ರೇಜರ್ ಟೌನ್ ಪಕ್ಕದಲ್ಲಿ ಸಿಗರೇಟು ಕಾರ್ಖಾನೆ ಎದ್ದಿತು. ಈಗ ಆ ಜಾಗದಲ್ಲಿ ಐಟಿ ಕಚೇರಿಗಳಿವೆ.

ಉತ್ತರ: ಗೋಳಗುಮ್ಮಟ_ದಾರಿ

ಗ್ರೇಡರ್ ಸರ್, ಭಾಳ ಛಲೋ ಬರದೀರಿ. ನಮ್ಮ ವಿಜಯಪುರದ್ದೂ ಒಂದ್ ಮಾತು ಸೇರಸ್ತೀನಿ. ಹೊಗೆಸೊಪ್ಪು ಪೋರ್ಚುಗೀಸರ ಸಂಗಡ ದಖ್ಖನ್ನಿಗೆ ಬಂದದ್ದು. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ಆದಿಲ್‌ಶಾಹಿ ಬಿಜಾಪುರದಾಗ ಇದನ್ನ ಮೊದಲ ಸಲ ಕಂಡು, ಹರಳು ಕೂಡಿಸಿದ ಕೊಳವಿ ಮಾಡಿಸಿ, ಸೊಪ್ಪಿನ ಜೊತೆ ಆಗ್ರಾಕ್ಕ ಒಯ್ದು ಬಾದಶಹನ ಮುಂದ ಇಟ್ಟ. ಅಕ್ಬರ್ ಒಂದೆರಡು ಸಲ ಎಳದ. ಹಕೀಮ ಬ್ಯಾಡ ಅಂದ, ನಮ್ಮ ಗ್ರಂಥದಾಗ ಇದರ ಸುದ್ದಿನೇ ಇಲ್ಲ ಅಂದ. ಅಸದ್ ಬೇಗ್ ಹಟಾ ಬಿಡಲಿಲ್ಲ, ಹೊಸಾದು ಅಂತ ಬ್ಯಾಡ ಅನ್ನೋದು ಸರಿ ಅಲ್ಲ ಅಂತ ವಾದಾ ಮಾಡಿದ. ಆಮ್ಯಾಲ ಜಹಾಂಗೀರ 1617ರಾಗ ಬಂದೀ ಮಾಡಿದ, ಆದರ ಚಟಾ ಅಷ್ಟರಾಗ ಊರೂರಿಗೆ ಹಬ್ಬಿತ್ತು.

ಉತ್ತರ: ಬ್ಯಾರನ್‌ಮನೆ_ಹುಡುಗಿ

ಸರ್, ಓದ್ತಾ ಓದ್ತಾ ಅಪ್ಪ ಬೇಲಿನ ಮುಂದೆ ನಿಂತಿದ್ದು ಕಣ್ಣಿಗೆ ಕಟ್ಟಿತು. ತುಂಬಾ ಉಪಕಾರ ಆಯ್ತು. ಎರಡು ಸಂದೇಹ ಉಳಿದಿದೆ. ನಿಜ ಇರೋ ಆ ಅರ್ಧ ಯಾವುದು ಅಂತ ನೀವು ಹೇಳಲೇ ಇಲ್ಲ. ದಿಂಡು, ಧೂಳು ಸೇರಿಸೋದು ಹೌದಾ? ಫಿಲ್ಟರ್ ಇದ್ದರೆ ಪರವಾಗಿಲ್ಲ ಅಂತಲೂ ಅಪ್ಪ ಅಂತಾರೆ. ಹುಣಸೂರಿನ ಕಥೆಯನ್ನೂ ಹೇಳಿ.

ಉತ್ತರ: ಹಳೇ_ಗ್ರೇಡರ್

ಹೇಳುತ್ತೇನಮ್ಮ.

ದಿಂಡು ಸೇರಿಸುವುದು ಹೌದು. ಎಲೆಯ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ನಡುದಿಂಡಿನದೇ. ಹರಾಜಿನಲ್ಲಿ ಕೊಂಡ ಸೊಪ್ಪು ನೇರ ಸಿಗರೇಟಿಗೆ ಹೋಗುವುದಿಲ್ಲ. ಮೊದಲು ಯಂತ್ರದಲ್ಲಿ ದಿಂಡು ಬೇರೆ, ಎಲೆಯ ಭಾಗ ಬೇರೆ ಮಾಡಿ, ಮತ್ತೆ ಒಣಗಿಸಿ, ತೇವ 12 ಶೇಕಡ ಆಸುಪಾಸಿಗೆ ತಂದು ದೊಡ್ಡ ಪೆಟ್ಟಿಗೆಗಳಲ್ಲಿ ತುಂಬಿ ಗೋದಾಮಿನಲ್ಲಿ ಮಾಗಲು ಬಿಡುತ್ತಾರೆ. ಒಂದು ವರ್ಷ, ಕೆಲವು ಸಲ ಇನ್ನೂ ಹೆಚ್ಚು. ಹಿಂದೆ ದಿಂಡನ್ನೂ ಧೂಳನ್ನೂ ಬಹುಮಟ್ಟಿಗೆ ಬಿಸಾಡುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಕಂಪನಿಗಳು ಅದನ್ನೆಲ್ಲ ಅರೆದು, ಕಾಗದ ಮಾಡುವ ರೀತಿಯಲ್ಲೇ ಹಾಳೆ ಎಳೆದು, ಕತ್ತರಿಸಿ ಸೊಪ್ಪಿನ ಜೊತೆ ಬೆರೆಸತೊಡಗಿದವು. ದಿಂಡನ್ನು ನೆನೆಸಿ, ಅದುಮಿ, ಬಿಸಿ ಹಬೆಯಲ್ಲಿ ಉಬ್ಬಿಸುವುದೂ ಬಂತು. ಎಲೆಯನ್ನೇ ಉಬ್ಬಿಸುವ ವಿಧಾನ 1970ರ ದಶಕದಲ್ಲಿ ಬಂತು. ಹೀಗೆ ಅಲ್ಲಿ ಒಂದು ಸಿಗರೇಟಿಗೆ ಒಂದು ಗ್ರಾಮಿಗಿಂತ ಹೆಚ್ಚು ಹಿಡಿಯುತ್ತಿದ್ದ ಸೊಪ್ಪು ಮೂವತ್ತು ವರ್ಷದೊಳಗೆ ಮುಕ್ಕಾಲು ಗ್ರಾಮಿನ ಹತ್ತಿರಕ್ಕೆ ಇಳಿಯಿತು. ನಮ್ಮಲ್ಲಿ ಇನ್ನೊಂದು ಕಾರಣವೂ ಸೇರಿತು. 1987ರಿಂದ ಸಿಗರೇಟಿನ ಉದ್ದ ನೋಡಿ ಅಬಕಾರಿ ಸುಂಕ ಹಾಕುವ ಕ್ರಮ ಬಂತು, ಹಾಗಾಗಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ಸಿಗರೇಟು ಗಿಡ್ಡ ಮಾಡುವುದು ಲಾಭದ ದಾರಿಯಾಯಿತು.

ಹಾಗಾಗಿ ಹಿಂದೆ ಒಂದೊಂದು ಸಿಗರೇಟಿನಲ್ಲೂ ಸೊಪ್ಪು ಜಾಸ್ತಿ ಇರುತ್ತಿತ್ತು ಎಂಬ ನಿಮ್ಮ ತಂದೆಯವರ ಮಾತು ಸರಿ. ಆಗ ಯಾರಿಗೂ ಏನೂ ಆಗುತ್ತಿರಲಿಲ್ಲ ಎಂಬುದು ಸುಳ್ಳು. ಲಂಡನ್ನಿನಲ್ಲಿ ರಿಚರ್ಡ್ ಡಾಲ್, ಬ್ರಾಡ್‌ಫರ್ಡ್ ಹಿಲ್ ಇಬ್ಬರೂ ಸೇರಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನೂ ಬೇರೆ ರೋಗಿಗಳನ್ನೂ ಹೋಲಿಸಿ ಬರೆದ ವರದಿ ಬಂದದ್ದು 1950ರಲ್ಲಿ. ಆ ರೋಗಿಗಳು ಸೇದಿದ್ದು ಯಾವ ಸಿಗರೇಟು? ಬಹುಪಾಲು ಫಿಲ್ಟರ್ ಇಲ್ಲದ, ದಿಂಡಿನ ಹಾಳೆ ಬೆರೆಸದ, ವರ್ಜೀನಿಯಾ ಸೊಪ್ಪಿನ ಸಿಗರೇಟು. ನಿಮ್ಮ ತಂದೆಯವರು ಅಪ್ಪಟ ಅನ್ನುತ್ತಾರಲ್ಲ, ಅಂಥದ್ದೇ. ರೋಗ ಮೊದಲು ಬಂತು, ಈ ಬೆರಕೆಯೆಲ್ಲ ಆಮೇಲೆ ಬಂತು. ಈ ಒಂದು ಮಾತನ್ನು ಅವರ ಮುಂದಿಡಿ. ಸೊಪ್ಪು ಗೊತ್ತಿರುವ ಮನುಷ್ಯನಿಗೆ ಇದು ಅರ್ಥವಾಗುತ್ತದೆ.

ಕಂಪನಿಗಳಿಗೂ ಆಗಲೇ ಅರ್ಥವಾಗಿತ್ತು. 1953ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ದೊಡ್ಡ ದೊಡ್ಡ ಕಂಪನಿಗಳ ಮುಖ್ಯಸ್ಥರು ಕೂಡಿದರು. ಮುಂದಿನ ತಿಂಗಳೇ, 1954ರ ಜನವರಿ 4ರಂದು, ನಾನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಪುಟದ ತುಂಬಾ ಜಾಹೀರಾತು ಕೊಟ್ಟು, ನಮ್ಮ ವಸ್ತುವಿನಿಂದ ಹಾನಿಯಿಲ್ಲ ಎಂದು ನಂಬಿದ್ದೇವೆ, ಜನರ ಆರೋಗ್ಯವೇ ನಮಗೆ ಎಲ್ಲಕ್ಕಿಂತ ದೊಡ್ಡದು ಎಂಬರ್ಥದ ಮಾತು ಬರೆದರು. ಅದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬೆಳೆಯುವ ರೈತನಿಗೆ, ಕಡ್ಡಿ ಕಟ್ಟುವ ಹೆಂಗಸರಿಗೆ ಗೊತ್ತಿರಲಿಲ್ಲ ಅಂದರೆ ಒಪ್ಪಬಹುದು. ಗೊತ್ತಿದ್ದವರು ಹೇಳಲಿಲ್ಲ.

ಫಿಲ್ಟರ್ ಎಲ್ಲೆಡೆ ಹಬ್ಬಿದ್ದೇ ಈ ಕ್ಯಾನ್ಸರ್ ಭಯದಿಂದ. 1952ರಲ್ಲಿ ಕೆಂಟ್ ಎಂಬ ಬ್ರಾಂಡು ಅತಿ ಸುರಕ್ಷಿತ ಫಿಲ್ಟರ್ ಅಂತ ಮಾರಿದ್ದರಲ್ಲಿ ಇದ್ದದ್ದು ಆಸ್ಬೆಸ್ಟಾಸ್! ಕೆಲವೇ ವರ್ಷಗಳಲ್ಲಿ ತೆಗೆದರು, ಆದರೆ ಸೇದಿದವರು ಸೇದಿಯಾಗಿತ್ತು. ಆಮೇಲೆ ಫಿಲ್ಟರ್ ಸುತ್ತ ಸೂಜಿಮೊನೆಯ ತೂತು ಹಾಕಿ 'ಲೈಟ್' ಅಂದರು. ಪ್ರಯೋಗಾಲಯದ ಯಂತ್ರ ಎಳೆದಾಗ ತೂತಿನಿಂದ ಗಾಳಿ ಬೆರೆತು ಟಾರ್, ಅಂದರೆ ಹೊಗೆಯಲ್ಲಿನ ಜಿಗುಟು ಮಸಿ, ಕಡಿಮೆ ತೋರಿಸುತ್ತದೆ. ಮನುಷ್ಯ ಎಳೆಯುವಾಗ ಬೆರಳು, ತುಟಿ ಆ ತೂತುಗಳನ್ನು ಮುಚ್ಚುತ್ತವೆ, ಸಾಲದಿದ್ದರೆ ಇನ್ನಷ್ಟು ಜೋರಾಗಿ ಎಳೆಯುತ್ತಾನೆ. ಯಂತ್ರಕ್ಕೆ ನಿಕೋಟಿನ್ ಚಟ ಇಲ್ಲ, ಮನುಷ್ಯನಿಗೆ ಇದೆ. ಇದು ಮೋಸ ಅಂತ 2006ರಲ್ಲಿ ಅಮೆರಿಕದ ನ್ಯಾಯಾಧೀಶೆ ಗ್ಲ್ಯಾಡಿಸ್ ಕೆಸ್ಲರ್ ತೀರ್ಪು ಬರೆದರು.

ಇನ್ನು ನಮ್ಮ ಊರಿನ ಕಥೆ. ವರ್ಜೀನಿಯಾ ಸೊಪ್ಪು ಮೊದಲು ಬೇರೂರಿದ್ದು 1920ರ ದಶಕದಲ್ಲಿ ಗುಂಟೂರಿನ ಕರಿಮಣ್ಣಿನಲ್ಲಿ. ಮೈಸೂರು ಸಂಸ್ಥಾನಕ್ಕೆ ಬಂದದ್ದು 1930ರ ದಶಕದ ಕೊನೆಗೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ರಾಮನಾಥಪುರದ ಕೆಂಪು ಮರಳುಮಿಶ್ರಿತ ಮಣ್ಣು ನೀರು ನಿಲ್ಲಿಸಿಕೊಳ್ಳುವುದಿಲ್ಲ, ಸಾರಜನಕವನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ಬೇರೆ ಬೆಳೆಗೆ ಇದು ಕೊರತೆ. ಹೊಗೆಸೊಪ್ಪಿಗೆ ಇದೇ ವರ. ಎಲೆ ಮಾಗುವ ಹೊತ್ತಿಗೆ ಸಾರಜನಕ ಮುಗಿದರೆ ಎಲೆ ತೆಳ್ಳಗೆ, ಹಳದಿಯಾಗಿ ಬರುತ್ತದೆ. ಆಂಧ್ರದಲ್ಲಿ ಮಳೆಗಾಲ ಮುಗಿದ ಮೇಲೆ ನಾಟಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮಳೆಗೆ ನಾಟಿ, ಜುಲೈನಿಂದ ಬ್ಯಾರನ್. ಮಳೆಯಲ್ಲೇ ಬೆಳೆಯುವುದರಿಂದ ನಮ್ಮ ಸೊಪ್ಪಿಗೆ ನಿಕೋಟಿನ್ ಕಡಿಮೆ, ರುಚಿ ಸೌಮ್ಯ. ಬೇರೆ ದೇಶದ ಖಾರ ಸೊಪ್ಪಿನ ಜೊತೆ ಬೆರೆಸಲು ಹೊರಗಿನವರು ಇದನ್ನೇ ಹುಡುಕಿ ಬರುತ್ತಾರೆ.

1984ಕ್ಕೆ ಮುಂಚೆ ರೈತ ಸೊಪ್ಪು ಹೊತ್ತು ಕಂಪನಿಯ ಡಿಪೋ ಬಾಗಿಲಿಗೆ ಹೋಗಬೇಕಿತ್ತು. ದರ್ಜೆ ಹೇಳುವವನೂ ಕಂಪನಿಯವನೇ, ಬೆಲೆ ಹೇಳುವವನೂ ಅವನೇ. ಬೇಡ ಅಂದರೆ ವಾಪಸ್ ಹೊತ್ತುಕೊಂಡು ಹೋಗಬೇಕು. ತಂಬಾಕು ಮಂಡಳಿ 1976ರಲ್ಲಿ ಗುಂಟೂರು ಕೇಂದ್ರವಾಗಿ ಶುರುವಾಗಿತ್ತು. 1984ರಲ್ಲಿ ಹರಾಜು ಪದ್ಧತಿಯನ್ನು ಮೊದಲು ತಂದದ್ದು ಕರ್ನಾಟಕದಲ್ಲಿ, ಆಂಧ್ರಕ್ಕೆ ಮರುವರ್ಷ. ಹತ್ತು ಜನ ಕೊಳ್ಳುವವರು ಒಂದೇ ಬೇಲಿನ ಮುಂದೆ ನಿಂತದ್ದು ರೈತನಿಗೆ ದೊಡ್ಡ ಬಲ. ಈ ವ್ಯವಸ್ಥೆಯಲ್ಲೂ ಕೊರತೆ ಬೇಕಾದಷ್ಟಿದೆ, ಆದರೂ ಹಳೆಯದನ್ನು ಕಂಡವನಿಗೆ ಇದರ ಬೆಲೆ ಗೊತ್ತು.

ಉತ್ತರ: ನಿಪ್ಪಾಣಿ_ವಖಾರಿ

ಸರ್, ನಿಮ್ಮಲ್ಲಿ ಹರಾಜು ಐತಿ, ಮಂಡಳಿ ಐತಿ. ನಮ್ಮ ನಿಪ್ಪಾಣಿ ಕಡೀದು ಬೀಡಿ ತಂಬಾಕು. ಬ್ಯಾರನ್ ಇಲ್ಲ, ಹೊಲದಾಗ ಬಿಸಲಿಗೆ ಒಣಗಸೂದು. ಆ ಮಂಡಳಿ ಇದಕ್ಕ ಬರೂದಿಲ್ಲ. 1981ರಾಗ ಬೆಲೆಗಾಗಿ ರೈತರು ರೈತ ಮುಖಂಡ ಶರದ್ ಜೋಶಿಯವರ ಮುಂದಾಳತ್ವದಾಗ ಪುಣೆ–ಬೆಂಗಳೂರು ಹೆದ್ದಾರಿ ಮ್ಯಾಲ ಕುಂತಿದ್ರು. ಪೊಲೀಸ್ ಗೋಲಿಬಾರ್ ಆತು, ರೈತರು ಸತ್ರು. ಇವತ್ತಿಗೂ ನಮ್ಮ ಮನ್ಯಾಗ ಏಪ್ರಿಲ್ ತಿಂಗಳದಾಗ ಆ ಮಾತು ಬರತೈತಿ.

ನಮ್ಮವ್ವ ವಖಾರ್ಯಾಗ, ಅಂದ್ರ ತಂಬಾಕಿನ ಗೋದಾಮದಾಗ, ತಂಬಾಕು ಕುಟ್ಟಿ ಜರಡಿ ಹಿಡಿಯೂ ಕೆಲಸಕ್ಕ ಹೊಕ್ಕಿದ್ಲು. ಸೀರಿ ಸೆರಗು ಮೂಗಿಗೆ ಕಟಗೊಂಡ್ರೂ ಸಂಜಿಗೆ ಕೆಮ್ಮು ನಿಲ್ಲತಿರಲಿಲ್ಲ. ಆಕಿ ಒಂದ್ ದಿನಾನೂ ಬೀಡಿ ಸೇದಿದಾಕಿ ಅಲ್ಲ. ಗುಣಮಟ್ಟದ ಮಾತ ಆಡೂವಾಗ ಇದನ್ನೂ ಬರೀರಿ ಸರ್.

ಉತ್ತರ: ಪಿರಿಯಾಪಟ್ಟಣ_ರೈತ

ನಿಪ್ಪಾಣಿ ಅಣ್ಣ ಹೇಳಿದ್ದು ನಮ್ಮ ಹೊಲಕ್ಕೂ ಸೇರುತ್ತೆ. ಮಳೆಯಲ್ಲಿ ಒದ್ದೆ ಸೊಪ್ಪು ಕೊಯ್ದು ಕಂಕುಳಲ್ಲಿ ಅವುಚಿ ಹೊತ್ತ ದಿನ ರಾತ್ರಿ ತಲೆ ಸುತ್ತು, ವಾಂತಿ. ಎಲೆ ಮೇಲಿನ ನೀರಿನ ಜೊತೆ ನಿಕೋಟಿನ್ ಚರ್ಮದೊಳಗೆ ಇಳಿಯುತ್ತಂತೆ. ಹೊಸದಾಗಿ ಕೂಲಿಗೆ ಬಂದ ಹೆಣ್ಣುಮಕ್ಕಳು ಅದನ್ನು ಸೊಪ್ಪಿನ ಅಮಲು ಅಂದ್ಕೊಂಡು ಸುಮ್ಮನಾಗ್ತಾರೆ. ಈಗ ನಾನು ಕೆಲಸದವರಿಗೆ ಪ್ಲಾಸ್ಟಿಕ್ ಹೊದಿಕೆ, ಕೈಗವಸು ಕೊಡ್ತೀನಿ. ಇಬ್ಬನಿ ಆರದೆ ಹೊಲಕ್ಕೆ ಇಳಿಸಲ್ಲ.

ಸೌದೆ ವಿಷಯ ಯಾರೂ ಎತ್ತಲಿಲ್ಲ. ಒಂದು ಕಿಲೋ ಹದ ಮಾಡಿದ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಸುಡಬೇಕು. ಕರ್ನಾಟಕದ ಬೆಳೆ ಹತ್ತು ಕೋಟಿ ಕಿಲೋ ಅಂತಿಟ್ಟುಕೊಳ್ಳಿ, ಲೆಕ್ಕ ನೀವೇ ಹಾಕಿ. ಬಿಡಬೇಕು ಅಂತ ನನಗೂ ಆಸೆ ಇದೆ. ಶುಂಠಿ ಹಾಕಿ ನೋಡಿದೆ, ಒಂದು ವರ್ಷ ಕೈತುಂಬ ಬಂತು, ಮರುವರ್ಷ ಕೊಳೆರೋಗ. ಜೋಳ ಹಾಕಿದರೆ ಖರ್ಚು ಹುಟ್ಟುತ್ತೆ ಅಷ್ಟೇ. ಹೊಗೆಸೊಪ್ಪಿಗಾದರೆ ಬ್ಯಾಂಕಿನವರು ಕಾರ್ಡು ನೋಡಿ ಸಾಲ ಕೊಡ್ತಾರೆ, ಹರಾಜಿನ ದುಡ್ಡು ನೇರ ಖಾತೆಗೆ ಬರುತ್ತೆ. ಬೇರೆ ಬೆಳೆಗೂ ಇಂಥದ್ದೇ ಒಂದು ಮಾರುಕಟ್ಟೆ ಕಟ್ಟಿಕೊಡಲಿ, ನಾಳೆಯೇ ಒಲೆ ಆರಿಸ್ತೀನಿ.

ಉತ್ತರ: ಜಯನಗರ_ನಾಲ್ಕನೇ_ಬ್ಲಾಕ್

ಒಂದು ಪ್ರಶ್ನೆ ಸರ್. ಹಾಗಾದರೆ ದಿಂಡು, ಹಾಳೆ, ಕೆಮಿಕಲ್ ಏನೂ ಇಲ್ಲದ ಸೊಪ್ಪು ತಂದು ಕೈಯಲ್ಲೇ ಸುತ್ತಿಕೊಂಡು ಸೇದಿದರೆ? ನನ್ನ ಗೆಳೆಯರು ಈಗ ಅದನ್ನೇ ಮಾಡ್ತಿದ್ದಾರೆ, ನೈಸರ್ಗಿಕ, ಅದಕ್ಕೇ ಸುರಕ್ಷಿತ ಅಂತಾರೆ.

ಉತ್ತರ: ಹಳೇ_ಗ್ರೇಡರ್

ಇಲ್ಲಪ್ಪ. ಟಾರ್, ಕಾರ್ಬನ್ ಮೊನಾಕ್ಸೈಡ್ ಹುಟ್ಟುವುದು ಎಲೆ ಉರಿಯುವುದರಿಂದ. ಯಾರೂ ಬೆರೆಸಬೇಕಿಲ್ಲ. ನೈಟ್ರೊಸಮೀನ್ ಎಂಬ ಕ್ಯಾನ್ಸರ್‌ಕಾರಕ ವಸ್ತು ಸೊಪ್ಪಿನ ನಿಕೋಟಿನ್ ಮತ್ತು ಅದರ ಜಾತಿಯ ರಾಸಾಯನಿಕಗಳಿಂದಲೇ ಹದ ಮಾಡುವಾಗ ಹುಟ್ಟುತ್ತದೆ. ಅಮೆರಿಕದಲ್ಲಿ ಗ್ಯಾಸಿನ ಉರಿಯನ್ನು ನೇರ ಬ್ಯಾರನ್ ಒಳಗೆ ಬಿಡತೊಡಗಿದ ಮೇಲೆ ಅದು ಏರಿತು, 2000ದ ಹೊತ್ತಿಗೆ ಉರಿಯ ಗಾಳಿ ಎಲೆಗೆ ತಾಗದಂತೆ ಬದಲಾಯಿಸಿಕೊಂಡ ಮೇಲೆ ಇಳಿಯಿತು. ನಮ್ಮ ಫ್ಲೂ ಪೈಪಿನ ಬ್ಯಾರನ್‌ನಲ್ಲಿ ಅದು ಕಡಿಮೆ, ಆದರೆ ಇಲ್ಲದೇ ಇಲ್ಲ. ಬರಿಗೈಲಿ ಸುತ್ತಿದರೆ ಹೆಚ್ಚಿನವರು ಫಿಲ್ಟರನ್ನೂ ಹಾಕುವುದಿಲ್ಲ. ನಿಮ್ಮ ಗೆಳೆಯರು ಸೇದುತ್ತಿರುವುದು 1950ರ ಆ ಲಂಡನ್ ರೋಗಿಗಳು ಸೇದಿದಂಥದ್ದನ್ನೇ.

ಉತ್ತರ: ಬ್ಯಾರನ್‌ಮನೆ_ಹುಡುಗಿ

ಸರ್, ನಿನ್ನೆ ರಾತ್ರಿ ಅಪ್ಪನಿಗೆ ಫೋನಲ್ಲಿ ಪೂರ್ತಿ ಓದಿ ಹೇಳಿದೆ. ಫ್ಲೂ ಪೈಪಿನ ಮಾತು ಬಂದಾಗ ಅವರೇ ಮಧ್ಯೆ ಬಾಯಿ ಹಾಕಿ, ಪೈಪು ತೂತು ಬಿದ್ದು ಮಸಿ ವಾಸನೆ ಹತ್ತಿದ ಬೇಲು ವಾಪಸ್ ಬಂದಿದ್ದರ ಕಥೆ ಹೇಳಿದರು. 1950ರ ವಿಷಯಕ್ಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಈ ವಯಸ್ಸಲ್ಲಿ ಬಿಟ್ಟರೆ ಏನು ಬಂತು" ಅಂದರು. ಇದಕ್ಕೆ ಏನು ಹೇಳಲಿ?

ಉತ್ತರ: ಹಳೇ_ಗ್ರೇಡರ್

ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವಿದೆ ಅಂತ ಹೇಳಿ. ಅದೇ ಡಾಲ್ ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿ ಲೆಕ್ಕ ಇಟ್ಟರು. ಅರವತ್ತಕ್ಕೆ ಬಿಟ್ಟವರಿಗೂ ಸರಾಸರಿ ಮೂರು ವರ್ಷ ಆಯಸ್ಸು ಹೆಚ್ಚು ಸಿಕ್ಕಿತ್ತು. ಹೃದಯಕ್ಕಂತೂ ಬಿಟ್ಟ ಕೆಲವೇ ತಿಂಗಳಲ್ಲಿ ಹೊರೆ ಇಳಿಯತೊಡಗುತ್ತದೆ.

ಒಬ್ಬರೇ ಬಿಡುವುದು ಕಷ್ಟ. ಅವರ ಕೈಯಲ್ಲಿರುವ ಪ್ಯಾಕಿನ ಮೇಲೇ 1800-11-2356 ಅಂತ ಅಚ್ಚಾಗಿದೆ, ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ. ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ನವರು ನೋಡಿಕೊಳ್ಳುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಸಲ ನೀವೇ ಪಕ್ಕದಲ್ಲಿ ಕೂತು ಮಾಡಿಸಿ. ಅವರಿಗೆ ಒಪ್ಪಿಗೆಯಿದ್ದರೆ ನನ್ನ ಜೊತೆಯೂ ಮಾತಾಡಲಿ. ಇಲ್ಲೇ ಖಾಸಗಿ ಸಂದೇಶ ಕಳಿಸಿ, ಭಾನುವಾರ ಬೆಳಿಗ್ಗೆ ನಾನು ಬಿಡುವಾಗಿರುತ್ತೇನೆ.